ಕೊಬ್ಬರಿ ರೇಟಿಗೆ ಮೂರು ಕಡೆ ವಿಚಾರಿಸುವ ಅಪ್ಪ, ಫಾರ್ವರ್ಡ್ ಬಂದರೆ ಹಾಗೇ ನಂಬುವುದು ಯಾಕೆ?

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನಲ್ಲಿ ಕೆಲಸ. ಊರು ತಿಪಟೂರು ಹತ್ತಿರದ ಹಳ್ಳಿ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ರಿಟೈರ್ ಆಗಿ ಹತ್ತು ವರ್ಷವಾಯಿತು. ಸ್ವಲ್ಪ ತೆಂಗಿನ ತೋಟ ಇದೆ. ನನಗೆ ಪೇಪರ್ ಓದುವುದನ್ನು ಕಲಿಸಿದವರೇ ಅವರು. ಈಗ ಪೇಪರ್ ಹಾಕಿಸುವುದನ್ನೇ ನಿಲ್ಲಿಸಿದ್ದಾರೆ. "ಎಲ್ಲರೂ ಮಾರಿಕೊಂಡವರೇ" ಅಂತಾರೆ. ದಿನವಿಡೀ ಒಂದೇ ಟಿವಿ ಚಾನೆಲ್. ಉಳಿದ ಹೊತ್ತು ನಿವೃತ್ತ ಶಿಕ್ಷಕರ ವಾಟ್ಸಾಪ್ ಗ್ರೂಪ್. ಸುಳ್ಳು ಎಂದು ತೋರಿಸಲು ನಾನೊಂದು ಲಿಂಕ್ ಕಳಿಸಿದರೆ "ಅದು ಯಾರ ಕಡೆಯದ್ದು ಅಂತ ನಂಗೊತ್ತು ಬಿಡಮ್ಮ" ಅಂತಾರೆ. ಹೋದ ಹಬ್ಬದಲ್ಲಿ ಊಟದ ಎಲೆ ಮುಂದೆಯೇ ಜಗಳವಾಯಿತು. ಅಮ್ಮ ಅತ್ತರು. ಈಗ ಯಾವುದೋ ವಿಡಿಯೋ ನೋಡಿ ಬಿಪಿ ಮಾತ್ರೆಯನ್ನು ಅರ್ಧ ಮುರಿದು ನುಂಗುತ್ತಿದ್ದಾರಂತೆ. ಇಷ್ಟು ಓದಿದವರು ಹೀಗ್ಯಾಕೆ? ಯಾರ ಪಕ್ಷವನ್ನೂ ವಹಿಸದ ಒಂದು ಪತ್ರಿಕೆಯದೋ ಚಾನೆಲ್‌ನದೋ ಹೆಸರು ಹೇಳಿ, ಅದನ್ನೇ ಹಾಕಿಸಿಕೊಡುತ್ತೇನೆ. ಅಥವಾ ಸುಮ್ನೆ ಬಿಟ್ಟುಬಿಡಲಾ?

ಉತ್ತರ: ಮೊದಲು ಬಿಪಿ ಮಾತ್ರೆ. ಅದನ್ನು ಸುದ್ದಿಯ ಜಗಳದಿಂದ ಇವತ್ತೇ ಬೇರೆ ಮಾಡಿ. ತೋಚಿದ ಹಾಗೆ ಮಾತ್ರೆ ಅರ್ಧ ಮಾಡಿದರೆ ಬಿಪಿ ಏರಿದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಲಕ್ವ ಹೊಡೆದಿರಬಹುದು. ನೀವು ವಾದಕ್ಕೆ ಇಳಿಯಬೇಡಿ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ವಿಷಯ ಹೇಳಿ. ಅವರ ಬಾಯಿಂದಲೇ ಅಪ್ಪನಿಗೆ ಹೇಳಿಸಿ. ನೀವು ಹೇಳಿದರೆ ಅದು ಹಬ್ಬದ ದಿನದ ಜಗಳದ ಮುಂದಿನ ಕಂತಾಗುತ್ತದೆ. ಡಾಕ್ಟರ್ ಹೇಳಿದರೆ ಅದು ಔಷಧಿಯ ಮಾತು. ಮಾತು ಒಂದೇ, ಬಾಯಿ ಬೇರೆ. ನಿಮ್ಮ ಮನೆಯ ಜಗಳದ ಬೇರೂ ಅಲ್ಲೇ ಇದೆ.

ನಾನು 22 ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು. ಈಗ ಪತ್ರಿಕೋದ್ಯಮದ ಪಾಠ ಮಾಡುತ್ತೇನೆ. ಡೆಸ್ಕಿನ ಕೆಲಸ ಎಂದರೆ ಹೆಡ್ಡಿಂಗ್ ಕೊಡುವುದು, ಪುಟ ಕಟ್ಟುವುದು, ಮತ್ತೆ ಮರುದಿನ ಬೆಳಗ್ಗೆ ಓದುಗರಿಂದ ಬೈಸಿಕೊಳ್ಳುವುದು. ಆ ಮೂರನೇ ಕೆಲಸದಲ್ಲಿ ನಾನು ಕಲಿತಷ್ಟು ಯಾವ ತರಗತಿಯಲ್ಲೂ ಕಲಿತಿಲ್ಲ.

2016ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. ಕಾವೇರಿ. ತಮಿಳುನಾಡಿಗೆ ಹತ್ತು ದಿನ ದಿನಕ್ಕೆ 15,000 ಕ್ಯುಸೆಕ್ ನೀರು ಬಿಡಿ ಎಂದು ಸುಪ್ರೀಂ ಕೋರ್ಟ್ 5ನೇ ತಾರೀಕು ಹೇಳಿತು. 12ನೇ ತಾರೀಕು ಆ ಆದೇಶ ಬದಲಾಯಿತು. ದಿನಕ್ಕೆ 12,000 ಕ್ಯುಸೆಕ್, ಆದರೆ 20ನೇ ತಾರೀಕಿನವರೆಗೆ. ಅಪ್ಪ ಗಣಿತದ ಮೇಷ್ಟ್ರಲ್ವಾ, ಅವರಿಗೆ ಕೊಟ್ಟರೆ ಒಂದು ನಿಮಿಷದ ಲೆಕ್ಕ. ದಿನದ ಲೆಕ್ಕ ಹಿಡಿದರೆ ನೀರು ಕಡಿಮೆಯಾಯಿತು. ಒಟ್ಟು ಲೆಕ್ಕ ಹಿಡಿದರೆ ಜಾಸ್ತಿಯಾಯಿತು. ಎರಡೂ ನಿಜ. ಆ ದಿನ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿದ್ದಿತ್ತು. ರಾತ್ರಿ ಕೂತು ನಾವು ಎರಡೂ ಲೆಕ್ಕವನ್ನು ಒಂದೇ ವರದಿಯಲ್ಲಿ ಹಾಕಿದೆವು. ಭಾರೀ ಸಮತೋಲನ ಮಾಡಿದ್ದೇವೆ ಎಂಬ ಹೆಮ್ಮೆ ಬೇರೆ.

ಬೆಳಗ್ಗೆ ಮೊದಲ ಫೋನ್ ಮಂಡ್ಯ ಕಡೆಯಿಂದ. "ನೀರು ಕಡಿಮೆ ಮಾಡಿದ್ದಾರೆ ಅಂತ ಹಾಕಿ ಸರ್ಕಾರದ ಮಾನ ಉಳಿಸ್ತೀರಾ?" ಹತ್ತು ನಿಮಿಷಕ್ಕೆ ಬೆಂಗಳೂರಿನಿಂದ ಇನ್ನೊಂದು. "ನೀರು ಜಾಸ್ತಿ ಹೋಗುತ್ತೆ ಅಂತ ಬರೆದು ಊರಿಗೆ ಬೆಂಕಿ ಹಚ್ತೀರಾ?" ಒಂದೇ ವರದಿ. ಇಬ್ಬರೂ ಪೂರ್ತಿ ಓದಿದ್ದರು, ಸಾಲು ಸಾಲು ಒಪ್ಪಿಸಿದರು. ಒಬ್ಬೊಬ್ಬರ ಕಣ್ಣಿಗೂ ತಮ್ಮನ್ನು ಚುಚ್ಚಿದ ಸಾಲಷ್ಟೇ ದಪ್ಪ ಅಕ್ಷರದಲ್ಲಿ ಕಂಡಿತ್ತು. ಸಮಾಧಾನ ಕೊಟ್ಟ ಸಾಲನ್ನು "ಅದು ಹೇಗಿದ್ರೂ ಇರಲೇಬೇಕು" ಎಂದು ದಾಟಿಕೊಂಡು ಹೋಗಿದ್ದರು.

ಇದು ನಮ್ಮ ಓದುಗರ ರೋಗ ಅಂದುಕೊಂಡಿದ್ದೆ. ಪಾಠ ಮಾಡಲು ಶುರುಮಾಡಿದ ಮೇಲೆ ತಿಳಿಯಿತು, ಇದಕ್ಕೆ ಹಳೆಯ ಅಧ್ಯಯನವೇ ಇದೆ. 1982ರಲ್ಲಿ ಲೆಬನಾನಿನ ಬೈರೂತ್‌ನಲ್ಲಿ ನಿರಾಶ್ರಿತರ ಶಿಬಿರಗಳಲ್ಲಿ ದೊಡ್ಡ ಹತ್ಯಾಕಾಂಡ ನಡೆಯಿತು. ಅಮೆರಿಕದ ಟಿವಿಗಳಲ್ಲಿ ಅದರ ಸುದ್ದಿ ಬಂದಿತ್ತು. ಆ ತುಣುಕುಗಳನ್ನೇ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರು ಇಸ್ರೇಲ್ ಪರ, ಕೆಲವರು ಅರಬರ ಪರ. ಎರಡೂ ಗುಂಪಿನವರು ನೋಡಿದ್ದು ಅದೇ ತುಣುಕು. ಎರಡೂ ಗುಂಪಿನವರು ಹೇಳಿದ್ದು ಒಂದೇ ಮಾತು: ಇದು ನಮ್ಮ ವಿರುದ್ಧ ಇದೆ. 1985ರಲ್ಲಿ ಇದು ಪ್ರಕಟವಾಯಿತು. ಮಂಡ್ಯದ ಫೋನನ್ನೂ ಬೆಂಗಳೂರಿನ ಫೋನನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ಹಾಗೆ.

ಅಂದರೆ ಸುದ್ದಿ ಕಣ್ಣಿಗೆ ಬಿದ್ದಾಗ "ಇದು ನಿಜವಾ?" ಎಂಬ ಪ್ರಶ್ನೆ ಮೊದಲು ಏಳುವುದಿಲ್ಲ. "ಇವರು ನಮ್ಮವರಾ?" ಎಂಬುದು ಮೊದಲು ಏಳುತ್ತದೆ. ಅದಕ್ಕೆ ಸಿಕ್ಕ ಉತ್ತರದ ಮೇಲೆ ಎರಡನೆಯದನ್ನು ಕೇಳಬೇಕೋ ಬೇಡವೋ ಎಂದು ತೀರ್ಮಾನವಾಗುತ್ತದೆ. "ಅದು ಯಾರ ಕಡೆಯದ್ದು ಅಂತ ನಂಗೊತ್ತು" ಎಂದು ನಿಮ್ಮ ಅಪ್ಪ ಹೇಳಿದ್ದು ಇದನ್ನೇ. ನೀವು ಕಳಿಸಿದ ಲಿಂಕನ್ನು ಅವರು ಬಹುಶಃ ತೆರೆದೂ ನೋಡಿಲ್ಲ. ಹೊರಗಿನ ಹೆಸರು ನೋಡಿಯೇ ಮುಗಿಸಿದ್ದಾರೆ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಇಷ್ಟು ಓದಿದವರು ಹೀಗ್ಯಾಕೆ ಎಂಬುದು. ಓದಿಗೂ ಇದಕ್ಕೂ ನಂಟು ನಾವು ಅಂದುಕೊಂಡಷ್ಟು ಇಲ್ಲ. ಓದಿದವರಿಗೆ ಒಂದು ಅನುಕೂಲ ಜಾಸ್ತಿ ಇರುತ್ತದೆ. ತಾವು ಮೊದಲೇ ನಂಬಿದ್ದಕ್ಕೆ ಕಾರಣ ಹೊಂದಿಸಿಕೊಳ್ಳಲು ಅವರಿಗೆ ಚೆನ್ನಾಗಿ ಬರುತ್ತದೆ. ನನಗೆ ಬಂದ ಅತಿ ಉದ್ದದ, ಅತಿ ಜಾಣ ಬೈಗುಳದ ಪತ್ರಗಳೆಲ್ಲ ವಕೀಲರದ್ದು, ಪ್ರೊಫೆಸರುಗಳದ್ದು.

ವಯಸ್ಸಾದವರದ್ದೇ ತೊಂದರೆ ಎಂಬ ಮಾತೂ ಇದೆ. ಇದು ಅರ್ಧ ನಿಜ. 2016ರ ಅಮೆರಿಕ ಚುನಾವಣೆಯ ಹೊತ್ತಿನಲ್ಲಿ ಫೇಸ್‌ಬುಕ್‌ನಲ್ಲಿ ಸುಳ್ಳು ಸುದ್ದಿ ಹಂಚಿದವರ ಬಗ್ಗೆ 2019ರಲ್ಲಿ ಒಂದು ಅಧ್ಯಯನ ಬಂತು. 65 ದಾಟಿದವರು ತೀರಾ ಚಿಕ್ಕ ವಯಸ್ಸಿನ ಗುಂಪಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಹಂಚಿದ್ದರು. ಇಷ್ಟನ್ನೇ ಎಲ್ಲರೂ ಹೇಳುತ್ತಾರೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಇಂಥ ಒಂದನ್ನೂ ಹಂಚಿರಲಿಲ್ಲ. ಗದ್ದಲ ಮಾಡುವವರು ಕೆಲವರೇ. ನಿಮ್ಮ ಅಪ್ಪನ ಗ್ರೂಪಿನಲ್ಲೂ ಎಣಿಸಿ ನೋಡಿ, ದಿನಾ ಬೆಳಗ್ಗೆ ಎಂಟು ಫಾರ್ವರ್ಡ್ ಹಾಕುವವರು ಇಬ್ಬರೋ ಮೂವರೋ ಇರುತ್ತಾರೆ. ಉಳಿದವರು ಕೈಮುಗಿದ ಚಿತ್ರ ಹಾಕಿ ಸುಮ್ಮನಾಗುತ್ತಾರೆ.

ಹಾಗಾದರೆ ಫಾರ್ವರ್ಡ್‌ಗೆ ಅಷ್ಟು ಬಲ ಬಂದದ್ದು ಎಲ್ಲಿಂದ? ಬರೆದವರಿಂದ ಅಲ್ಲ, ಕಳಿಸಿದವರಿಂದ. ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಆದರೆ ಕಳಿಸಿದವರು 25 ವರ್ಷ ಜೊತೆಗೆ ಪಾಠ ಮಾಡಿದ ಹೆಡ್‌ಮಾಸ್ಟರು. ಮಗಳ ಮದುವೆಗೆ ನಿಂತು ಬಡಿಸಿದವರು. ಅವರು ಸುಳ್ಳು ಹೇಳುವವರಲ್ಲ, ಅದು ನಿಜವೇ. ಅವರು ಹೇಳುತ್ತಿಲ್ಲ, ದಾಟಿಸುತ್ತಿದ್ದಾರೆ ಅಷ್ಟೇ. ಆ ವ್ಯತ್ಯಾಸ ಫೋನಿನ ಪರದೆ ಮೇಲೆ ಕಾಣುವುದಿಲ್ಲ. 2018ರಲ್ಲಿ ವಾಟ್ಸಾಪ್ "ಫಾರ್ವರ್ಡೆಡ್" ಎಂಬ ಚಿಕ್ಕ ಗುರುತು ಹಾಕಲು ಶುರುಮಾಡಿದ್ದು ಇದನ್ನು ತೋರಿಸಲೆಂದೇ. ಆದರೆ ಹೆಡ್‌ಮಾಸ್ಟರ ಹೆಸರಿನ ಮುಂದೆ ಆ ಗುರುತು ಯಾರಿಗೆ ಕಾಣುತ್ತೆ ಹೇಳಿ.

ಆ ಗುರುತು ಬಂದ ವರ್ಷವೇ ನಮ್ಮ ರಾಜ್ಯದಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ಊರೂರು ಸುತ್ತಿತು. ಜೊತೆಗೊಂದು ವಿಡಿಯೋ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ಬಿಟ್ಟು ಫಲಕ ಹಿಡಿಯುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ ಹಂಚಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಎಂಜಿನಿಯರನ್ನು ಕೊಂದರು. ಆ ಗೆಳೆಯರ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ಅಷ್ಟೇ. ಹೊಡೆದವರಲ್ಲಿ ಬಹುಪಾಲು ಜನ ಯಾವ ಪಕ್ಷದ ಪ್ರಚಾರವನ್ನೂ ನಂಬಿ ಹೊಡೆದವರಲ್ಲ. ಪಕ್ಕದ ಮನೆಯವನ ಫೋನನ್ನು ನಂಬಿದರು.

ಆದರೆ ಸುಳ್ಳನ್ನು ನಂಬುವವರೆಲ್ಲ ದಡ್ಡರು ಎಂದು ಹೇಳಲು ನನಗೆ ನಾಲಿಗೆ ಬರುವುದಿಲ್ಲ, ಇನ್ನೊಂದು ಘಟನೆಯಿಂದಾಗಿ. 2012ರ ಆಗಸ್ಟ್. ಈಶಾನ್ಯ ರಾಜ್ಯದವರ ಮೇಲೆ ಹಲ್ಲೆ ಆಗುತ್ತದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ ಬೆಂಗಳೂರು ರೈಲು ನಿಲ್ದಾಣದಲ್ಲಿ ಸಾವಿರಾರು ಜನ ನೆರೆದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಮಂತ್ರಿಗಳು ಬಂದು ಧೈರ್ಯ ಹೇಳಿದರು, ಪೊಲೀಸರು ಹೇಳಿದರು, ಪತ್ರಿಕೆಗಳು ಬರೆದವು. ಜನ ರೈಲು ಹತ್ತಿದರು. ಯಾಕೆಂದರೆ ಊರಿನಿಂದ ಅಪ್ಪ ಅಮ್ಮ ಫೋನ್ ಮಾಡಿ "ಮೊದಲು ಮನೆಗೆ ಬಾ" ಎಂದಿದ್ದರು. ಅದರ ಹಿಂದಿನ ತಿಂಗಳು ಅಸ್ಸಾಮಿನ ಕೊಕ್ರಝಾರ್‌ನಲ್ಲಿ ನಿಜವಾಗಿಯೇ ಹಿಂಸೆ ಆಗಿತ್ತು. ಸಂದೇಶ ಸುಳ್ಳು, ಆದರೆ ಭಯ ಆಕಾಶದಿಂದ ಬಿದ್ದದ್ದಲ್ಲ. ಮಂತ್ರಿ ಒಂದು ಕಡೆ, ಅಮ್ಮ ಒಂದು ಕಡೆ. ನೀವಾಗಿದ್ದರೆ ಯಾರ ಮಾತು ಕೇಳುತ್ತಿದ್ದಿರಿ?

ನಿಮ್ಮ ಅಪ್ಪ ಪೇಪರ್ ಬಿಟ್ಟದ್ದಕ್ಕೂ ಹೀಗೇ ಏನಾದರೂ ನಿಜವಾದ ಕಾರಣ ಇರಬಹುದು. ಯಾವಾಗ, ಯಾಕೆ ಬಿಟ್ಟಿರಿ ಎಂದು ಒಮ್ಮೆ ಕೇಳಿದ್ದೀರಾ? ನನ್ನ ಸೋದರಮಾವ 40 ವರ್ಷ ತರಿಸುತ್ತಿದ್ದ ಪತ್ರಿಕೆಯನ್ನು ಒಂದೇ ದಿನದಲ್ಲಿ ಬಿಟ್ಟರು. ಅವರ ತಮ್ಮ ತೀರಿಕೊಂಡಾಗ ಶ್ರದ್ಧಾಂಜಲಿ ಜಾಹೀರಾತಿನಲ್ಲಿ ಬೇರೆಯವರ ಫೋಟೋ ಬಂತು. ತಿದ್ದುಪಡಿ ಕೇಳಲು ಹೋದರೆ ಕೌಂಟರಿನವರು ಇನ್ನೊಂದು ಸಲ ದುಡ್ಡು ಕಟ್ಟಿ ಎಂದರು. ಆಮೇಲೆ ಅವರು "ಆ ಪೇಪರಿನವರು ಚುನಾವಣೆಯಲ್ಲಿ ದುಡ್ಡು ತಿಂದಿದ್ದಾರೆ" ಎಂದು ಎಲ್ಲರ ಹತ್ತಿರ ಹೇಳುತ್ತಿದ್ದರು. ಫೋಟೋದ ವಿಷಯ ಯಾರಿಗೂ ಹೇಳುತ್ತಿರಲಿಲ್ಲ. ಗಾಯ ಒಂದು ಕಡೆ, ಕಾರಣ ಹೇಳುವುದು ಇನ್ನೊಂದು ಕಡೆ. ಇಂಥದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

"ಮಾರಿಕೊಂಡಿದ್ದಾರೆ" ಎಂಬ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ದುಡ್ಡು ಕೊಟ್ಟು ಸುದ್ದಿ ಹಾಕಿಸುವುದರ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯೇ 2010ರಲ್ಲಿ ವರದಿ ಮಾಡಿದೆ. ಪತ್ರಿಕೆಯ ಹಣದ ಲೆಕ್ಕವೂ ಹಾಗೇ ಇದೆ. ನೀವು ಕೊಡುವ ಐದಾರು ರೂಪಾಯಿಯಲ್ಲಿ ಕಾಗದದ ಖರ್ಚೂ ಹುಟ್ಟುವುದು ಕಷ್ಟ. ಉಳಿದದ್ದು ಜಾಹೀರಾತಿನಿಂದ ಬರಬೇಕು. ದೊಡ್ಡ ಜಾಹೀರಾತು ಕೊಡುವವರಲ್ಲಿ ಸರ್ಕಾರವೂ ಒಂದು. ಡೆಸ್ಕಿನಲ್ಲಿ ಕೂತವರಿಗೆ ಯಾರೂ "ಇದನ್ನು ಹಾಕಬೇಡಿ" ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ಜಾಹೀರಾತು ವಿಭಾಗದವರು ರಾತ್ರಿ ಒಂಬತ್ತಕ್ಕೆ ಸುಮ್ನೆ ಬಂದು ನಿಮ್ಮ ಟೇಬಲ್ ಪಕ್ಕ ನಿಂತು "ಏನ್ ಸಾರ್, ಇವತ್ತು ಫ್ರಂಟ್ ಪೇಜ್ ಏನು?" ಎಂದರೆ ಸಾಕು. ಟಿವಿಯ ಕಥೆ ಇನ್ನೊಂದು ಥರ. ಅಲ್ಲಿ ರೇಟಿಂಗ್. ರೇಟಿಂಗ್‌ನ ಅಂಕಿಗಳ ಮೇಲೇ ಅನುಮಾನ ಎದ್ದು 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ರೇಟಿಂಗ್ ಬಿಡುಗಡೆಯೇ ನಿಂತಿತ್ತು. ಆ ಕಾಲದಲ್ಲೂ ಕಿರುಚಾಟ ಮಾತ್ರ ನಿಲ್ಲಲಿಲ್ಲ ಬಿಡಿ.

ಹಾಗಾಗಿ ಅಪ್ಪನ ಅನುಮಾನ ತಪ್ಪಲ್ಲ. ತೊಂದರೆ ಇರುವುದು ಆ ಅನುಮಾನ ಒಂದೇ ಕಡೆಗೆ ತಿರುಗಿ ನಿಂತಿರುವುದರಲ್ಲಿ. ಪತ್ರಿಕೆಗೆ ಯಜಮಾನರಿದ್ದಾರೆ, ಅವರಿಗೊಂದು ಲಾಭ ಇದೆ ಎಂದು ಅವರಿಗೆ ಗೊತ್ತು. ತಾವು ನೋಡುವ ಚಾನೆಲ್‌ಗೂ ಯಜಮಾನರಿದ್ದಾರೆ ಎಂಬುದು ಯಾಕೋ ನೆನಪಾಗುವುದಿಲ್ಲ. ಇದೂ ಅವರೊಬ್ಬರದ್ದಲ್ಲ. ಆಕ್ಸ್‌ಫರ್ಡ್‌ನ ರಾಯಿಟರ್ಸ್ ಸಂಸ್ಥೆ ವರ್ಷವರ್ಷ ಹಲವು ದೇಶಗಳಲ್ಲಿ ಈ ನಂಬಿಕೆಯನ್ನು ಅಳೆಯುತ್ತದೆ. 2021ರಲ್ಲಿ ಫಿನ್ಲೆಂಡ್‌ನಲ್ಲಿ ನೂರಕ್ಕೆ 65 ಜನ ಸುದ್ದಿಯನ್ನು ಒಟ್ಟಾರೆ ನಂಬುತ್ತೇವೆ ಎಂದರು, ಅಮೆರಿಕದಲ್ಲಿ ಬರೀ 29. ಭಾರತದಲ್ಲಿ 38, ಆದರೆ ಇಲ್ಲಿ ಕೇಳಿದ್ದು ಇಂಗ್ಲಿಷ್ ಬಲ್ಲ, ಇಂಟರ್ನೆಟ್‌ನಲ್ಲಿ ಸುದ್ದಿ ನೋಡುವವರನ್ನು. ನಿಮ್ಮೂರಿನ ಅರಳಿಕಟ್ಟೆಗೆ ಆ ಅಂಕಿ ಹೊಂದುತ್ತದೆ ಎಂದುಕೊಳ್ಳಬೇಡಿ. ನನಗೆ ಹಿಡಿಸಿದ್ದು ಇನ್ನೊಂದು ಜೋಡಿ ಅಂಕಿ. ಎಲ್ಲ ದೇಶ ಸೇರಿಸಿ "ಸುದ್ದಿಯನ್ನು ನಂಬುತ್ತೀರಾ" ಎಂದರೆ 44, "ನೀವು ನೋಡುವ ಸುದ್ದಿಯನ್ನು ನಂಬುತ್ತೀರಾ" ಎಂದರೆ 50. ಮಾರಿಕೊಂಡವರು ಯಾವಾಗಲೂ ಬೇರೆಯವರೇ.

ಇದಕ್ಕೆ ಒಂದೇ ಚಾನೆಲ್ ದಿನವಿಡೀ ಓಡುವುದು ಸೇರಿದರೆ ಇನ್ನೊಂದು ಪರಿಣಾಮ ಆಗುತ್ತದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಅದು ಹೆಚ್ಚು ನಿಜ ಅನ್ನಿಸುತ್ತದೆ. 1977ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ, ಆಮೇಲೆ ಎಷ್ಟೋ ಸಲ ಅದು ಖಚಿತವಾಗಿದೆ. ಮೇಷ್ಟ್ರಿಗೆ ಇದನ್ನು ವಿವರಿಸುವುದು ಸುಲಭ. ಮಗ್ಗಿ ಬಾಯಿಪಾಠ ಆಗುವುದೂ ಹೀಗೇ ಅಲ್ವಾ. ಹದಿಮೂರರ ಮಗ್ಗಿಯನ್ನು ಯಾರಾದರೂ ತಪ್ಪಾಗಿ ನೂರು ಸಲ ಹೇಳಿಸಿದ್ದರೆ ಆ ತಪ್ಪೇ ನಾಲಿಗೆ ಮೇಲೆ ಕೂತಿರುತ್ತಿತ್ತು.

ಇನ್ನು ಯಾರ ಪಕ್ಷವನ್ನೂ ವಹಿಸದ ಪತ್ರಿಕೆ. ಹೆಸರು ಹೇಳುವುದಿಲ್ಲ, ಏಕೆಂದರೆ ಅಂಥದ್ದು ಇಲ್ಲ. ತಪ್ಪೇ ಮಾಡದ ಮೂಲವೂ ಇಲ್ಲ. ನಮ್ಮ ಹಿರಿಯರು ಆಕಾಶವಾಣಿಯಲ್ಲಿ ಬಂದರೆ ಮುಗಿಯಿತು ಎನ್ನುತ್ತಿದ್ದರು. 1979ರ ಮಾರ್ಚ್ 22ರಂದು ಜಯಪ್ರಕಾಶ ನಾರಾಯಣ್ ತೀರಿಕೊಂಡರು ಎಂದು ಪ್ರಧಾನಿ ಲೋಕಸಭೆಯಲ್ಲೇ ಹೇಳಿದರು, ಆಕಾಶವಾಣಿ ಬಿತ್ತರಿಸಿತು. ಜೆಪಿ ಮುಂಬೈನ ಆಸ್ಪತ್ರೆಯಲ್ಲಿ ಬದುಕಿದ್ದರು. ತೀರಿಕೊಂಡದ್ದು ಅಕ್ಟೋಬರ್ 8ಕ್ಕೆ. ನಿಮ್ಮ ಅಪ್ಪನ ವಯಸ್ಸಿನವರಿಗೆ ಇದು ನೆನಪಿರುತ್ತದೆ, ಕೇಳಿ ನೋಡಿ. ಮಾತು ಶುರುಮಾಡಲು ಒಳ್ಳೆಯ ಎಳೆ. ಯಾಕೆಂದರೆ ಇದರಲ್ಲಿ ಇವತ್ತಿನ ಯಾವ ಪಕ್ಷದ ಜಗಳವೂ ಇಲ್ಲ.

ಹೆಸರಿನ ಬದಲು ನಾನು ನೋಡುವುದು ಕೆಲವು ಅಭ್ಯಾಸಗಳನ್ನು. ತಪ್ಪಾದಾಗ ತಿದ್ದುಪಡಿ ಹಾಕುತ್ತಾರಾ, ಹಾಕಿದರೆ ಕಣ್ಣಿಗೆ ಕಾಣುವ ಜಾಗದಲ್ಲಾ? ಸುದ್ದಿ ಎಲ್ಲಿಂದ ಬಂತು ಎಂದು ಊರಿನ ಹೆಸರು ಇದೆಯಾ? ಹೇಳಿದವರು ಯಾರು, ಅವರಿಗೆ ಗೊತ್ತಿರಲು ಹೇಗೆ ಸಾಧ್ಯ? "ಮೂಲಗಳ ಪ್ರಕಾರ" ಎಂಬುದು ಒಂದು ವರದಿಯಲ್ಲಿ ಎಷ್ಟು ಸಲ ಬರುತ್ತದೆ? ಎರಡು ಸಲಕ್ಕಿಂತ ಜಾಸ್ತಿ ಬಂದರೆ ನಾನು ಟೀ ಕುಡಿಯಲು ಎದ್ದು ಹೋಗುತ್ತೇನೆ. ಆರೋಪ ಮಾಡಿಸಿಕೊಂಡವರ ಮಾತು ಇದೆಯಾ? ಫಾರ್ವರ್ಡ್‌ನಲ್ಲಿ ಇವು ಯಾವುವೂ ಇರುವುದಿಲ್ಲ. ಬದಲಿಗೆ ಅವಸರ ಇರುತ್ತದೆ: "ಡಿಲೀಟ್ ಆಗುವ ಮೊದಲು ಎಲ್ಲರಿಗೂ ಕಳಿಸಿ."

ನಿಮ್ಮ ಅಪ್ಪನಿಗೆ ಇದನ್ನೆಲ್ಲ ಹೊಸದಾಗಿ ಕಲಿಸಬೇಕಿಲ್ಲ. ತೆಂಗಿನ ತೋಟ ಇದೆ ಎಂದಿರಲ್ಲ, ಅದನ್ನು ಓದಿದ ಕೂಡಲೇ ನನಗೆ ಸಮಾಧಾನವಾಯಿತು. ಕೊಬ್ಬರಿ ಮಾರುವಾಗ ಅವರು ಏನು ಮಾಡುತ್ತಾರೆ ಗಮನಿಸಿ. ತಿಪಟೂರು ಎಪಿಎಂಸಿ ಹರಾಜಿನಲ್ಲಿ ಎಷ್ಟಾಯಿತು ಎಂದು ವಿಚಾರಿಸುತ್ತಾರೆ. ಗೊತ್ತಿರುವ ಮಂಡಿಯವರಿಗೆ ಫೋನ್ ಮಾಡುತ್ತಾರೆ. ಪಕ್ಕದ ತೋಟದವರು ಯಾವ ರೇಟಿಗೆ ಕೊಟ್ಟರು ಎಂದು ಕೇಳುತ್ತಾರೆ. ಮಂಡಿಯವರು ಹೇಳಿದ ರೇಟಿನಲ್ಲಿ ಅವರ ಲಾಭವನ್ನು ಮನಸ್ಸಿನಲ್ಲೇ ಕಳೆಯುತ್ತಾರೆ. 2024ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು. ಆಗ ಯಾರಾದರೂ ಗ್ರೂಪಿನಲ್ಲಿ "ಮುಂದಿನ ವಾರ ಕೊಬ್ಬರಿ 50,000, ಎಲ್ಲರಿಗೂ ಕಳಿಸಿ" ಎಂದು ಹಾಕಿದ್ದರೆ ಅಪ್ಪ ನಗುತ್ತಿದ್ದರು. ಹೆಡ್‌ಮಾಸ್ಟರೇ ಕಳಿಸಿದ್ದರೂ ನಗುತ್ತಿದ್ದರು.

ಅದೇ ಮನುಷ್ಯ, ಅದೇ ತಲೆ. ಕೊಬ್ಬರಿಯಲ್ಲಿ ತಪ್ಪಿದರೆ ಜೇಬಿಗೆ ಹೊಡೆತ ಬೀಳುತ್ತದೆ, ಅದೂ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ದೆಹಲಿಯ ರಾಜಕೀಯದ ಬಗ್ಗೆ ಸುಳ್ಳು ನಂಬಿದರೆ ಅವರಿಗೆ ಏನೂ ಆಗುವುದಿಲ್ಲ. ಗ್ರೂಪಿನಲ್ಲಿ ಜೊತೆಗಾರರು ಸಿಗುತ್ತಾರೆ, ಅಷ್ಟು ಲಾಭವೇ. ರಿಟೈರ್ ಆದ ಮೇಷ್ಟ್ರ ಮಾತನ್ನು ಈಗ ಕೇಳುವವರು ಯಾರಿದ್ದಾರೆ ಹೇಳಿ. 40 ಮಕ್ಕಳ ಮುಂದೆ ದಿನಾ ನಿಂತವರು ಅವರು. ಆ ಗ್ರೂಪು ಅವರಿಗೆ ಸುದ್ದಿಗಿಂತ ಜಾಸ್ತಿ ಏನನ್ನೋ ಕೊಡುತ್ತಿದೆ. ನೀವು "ಅದು ಸುಳ್ಳು" ಎಂದಾಗ ಅವರಿಗೆ ಕೇಳಿಸುವುದು "ನಿಮ್ಮ ಗೆಳೆಯರು ಸುಳ್ಳುಗಾರರು" ಎಂದು.

ಇನ್ನು ಏನು ಮಾಡಬಹುದು ಎಂಬುದಕ್ಕೆ ಬರೋಣ. ಕೇಬಲ್ ತೆಗೆಸುವುದು, ಫೋನಿನಲ್ಲಿ ಗುಟ್ಟಾಗಿ ಚಾನೆಲ್ ಬ್ಲಾಕ್ ಮಾಡುವುದು, ಇವನ್ನು ಮಾಡಿದವರನ್ನು ನೋಡಿದ್ದೇನೆ. ಬೇಡ. ಗೊತ್ತಾದ ದಿನ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ, ಮತ್ತೆ ಅದನ್ನು ಕಟ್ಟುವುದು ಕಷ್ಟ.

ಗ್ರೂಪಿನಲ್ಲೇ ಸತ್ಯ ಬಯಲು ಮಾಡುವ ಲಿಂಕ್ ಹಾಕುವುದು ಎರಡನೇ ದಾರಿ. ಅಣ್ಣ ತಮ್ಮಂದಿರ ಗ್ರೂಪಿನಲ್ಲಿ ಕೆಲವೊಮ್ಮೆ ನಡೆಯುತ್ತದೆ. ಮೇಷ್ಟ್ರುಗಳ ಮುಂದೆ ಮಗಳು ಅಪ್ಪನನ್ನು ತಿದ್ದಿದರೆ ಅಪ್ಪನಿಗೆ ಉಳಿಯುವುದು ಅವಮಾನ ಮಾತ್ರ. ಅವರು ಆ ಸುಳ್ಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಹೇಳಲೇಬೇಕಾದ್ದಿದ್ದರೆ ಅವರೊಬ್ಬರಿಗೇ ಹೇಳಿ. ಬರೆದು ಕಳಿಸುವ ಬದಲು ಫೋನ್ ಮಾಡಿ. "ಅಪ್ಪಾ, ಇದು ನಿಜ ಇದ್ರೆ ದೊಡ್ಡ ವಿಷಯ. ಇದನ್ನ ಮೊದಲು ಹೇಳಿದ್ದು ಯಾರು ಅಂತ ನೋಡೋಣ್ವಾ?" ಎಂದು ಶುರುಮಾಡಿ. ಸುಳ್ಳು ಎಂಬ ಶಬ್ದ ನಿಮ್ಮ ಬಾಯಿಂದ ಬರುವುದು ಬೇಡ. ಮೇಷ್ಟ್ರಿಗೆ ತಪ್ಪು ಲೆಕ್ಕ ತಾವೇ ಹಿಡಿದರೆ ಖುಷಿ, ಬೇರೆಯವರು ಹಿಡಿದರೆ ಸಿಟ್ಟು.

ನನಗೆ ಹೆಚ್ಚು ಫಲ ಕೊಟ್ಟದ್ದು ಇನ್ನೊಂದು. ಅವರಿಗೆ ಯಾವ ಪಕ್ಷವೂ ಇಲ್ಲದ ಒಂದು ಸುದ್ದಿ ಆರಿಸಿ. ತೆಂಗಿನ ಮರದ ರೋಗ, ಹೇಮಾವತಿ ನಾಲೆಯ ನೀರು, ಪಿಂಚಣಿಯ ಹೊಸ ಆದೇಶ, ಇಂಥದ್ದು. ಅದನ್ನು ಎರಡು ಪತ್ರಿಕೆಯಲ್ಲಿ ಒಟ್ಟಿಗೆ ಓದಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಏನು ಎಂದು ಅವರೇ ಹೇಳಲಿ. ಮನೆಗೆ ಒಂದರ ಬದಲು ಎರಡು ಪೇಪರ್ ಹಾಕಿಸಿ, ಒಂದಕ್ಕೊಂದು ಹೊಂದದ ಎರಡು. ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾಗಬಹುದು. ಇದರಲ್ಲೂ ಅಪಾಯ ಇಲ್ಲದಿಲ್ಲ. ಕೆಲವರು ಎರಡೂ ಓದಿ "ನೋಡು, ಎಲ್ಲರೂ ಸುಳ್ಳು" ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಎಲ್ಲವನ್ನೂ ನಂಬದವನೂ ಎಲ್ಲವನ್ನೂ ನಂಬುವವನಷ್ಟೇ ಸುಲಭವಾಗಿ ಮೋಸ ಹೋಗುತ್ತಾನೆ, ಏಕೆಂದರೆ ಕೊನೆಗೆ ಅವನು ತನಗೆ ಬೇಕಾದ್ದನ್ನೇ ಆರಿಸಿಕೊಳ್ಳುತ್ತಾನೆ. ಆಗ ಕೊಬ್ಬರಿಯ ಮಾತು ತೆಗೆಯಿರಿ. ಮಂಡಿಯವರೂ ತಮ್ಮ ಲಾಭ ನೋಡುತ್ತಾರೆ, ಆದರೂ ಅಪ್ಪ ಕೊಬ್ಬರಿ ಮಾರುವುದನ್ನು ಬಿಟ್ಟಿಲ್ಲವಲ್ಲ.

ಚಾನೆಲ್‌ನಲ್ಲಿ ಬಂದದ್ದು ನಿಜವಾಗಿ ಹಾನಿ ಮಾಡುವಂಥದ್ದಾಗಿದ್ದರೆ ದೂರು ಕೊಡುವ ದಾರಿಯೂ ಇದೆ. ಮೊದಲು ಆ ಚಾನೆಲ್‌ಗೇ ಬರೆಯಬೇಕು. ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ, ಆಮೇಲೆ ಪತ್ರಿಕಾ ಮಂಡಳಿಗೆ. ಮಂಡಳಿ ಛೀಮಾರಿ ಹಾಕಬಹುದು, ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ. ಮನೆಯ ಜಗಳಕ್ಕೆ ಇದು ಮದ್ದಲ್ಲ.

ಸುಮ್ನೆ ಬಿಟ್ಟುಬಿಡಲಾ ಎಂದು ಕೇಳಿದಿರಿ. ರಾಜಕೀಯದ ವಿಷಯದಲ್ಲಿ ಮುಕ್ಕಾಲು ಪಾಲು ಬಿಡಿ. ಅವರ ಓಟು ಅವರದ್ದು. ಅವರು ನಿಮ್ಮ ಪಕ್ಷಕ್ಕೆ ಬರಬೇಕು ಎಂಬ ಆಸೆ ಒಳಗೆಲ್ಲೋ ಇದ್ದರೆ ಅದು ಅವರಿಗೆ ಗೊತ್ತಾಗುತ್ತದೆ. ಮಕ್ಕಳ ಮನಸ್ಸು ಅಪ್ಪಂದಿರಿಗೆ ಕಾಣುತ್ತದೆ. ಬಿಡಬಾರದ್ದು ಮೂರು: ಔಷಧಿ, ದುಡ್ಡು, ಮತ್ತೆ ಯಾರದೋ ಮೇಲೆ ಜನ ಕೈ ಎತ್ತುವಂತೆ ಮಾಡುವ ಸಂದೇಶ. ಮೂರನೆಯದು ಬಂದರೆ ಮುರ್ಕಿಯಲ್ಲಿ ಏನಾಯಿತು ಎಂದು ನಿಧಾನವಾಗಿ ಹೇಳಿ. ಅಪ್ಪ ಮೇಷ್ಟ್ರು. ಊರಿನ ಎಷ್ಟೋ ಹುಡುಗರು ಅವರ ಶಿಷ್ಯರು. "ಮೇಷ್ಟ್ರು ಕಳಿಸಿದ್ದು" ಎಂದು ಅವರು ನಂಬುತ್ತಾರೆ ಎಂಬುದನ್ನು ನೆನಪಿಸಿ.

ಒಂದು ಕೆಲಸ ನಿಮಗೂ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಅಪ್ಪನಿಗೆ ಕಳಿಸುವ ಲಿಂಕುಗಳನ್ನು ಒಂದು ಸಲ ತಿರುಗಿ ನೋಡಿ. ಎಲ್ಲವೂ ಒಂದೆರಡು ಕಡೆಯಿಂದಲೇ ಬಂದವಾ? ಆ ಎರಡು ಕಡೆಯವರು ಹೋದ ವರ್ಷ ಎಲ್ಲಿ ತಪ್ಪು ಮಾಡಿದರು ಎಂದು ನಿಮಗೆ ಹೇಳಲು ಬರುತ್ತದಾ? ತರಗತಿಯಲ್ಲಿ ಇದನ್ನು ಕೇಳಿದಾಗ ವಿದ್ಯಾರ್ಥಿಗಳು ತಮಗಾಗದ ಚಾನೆಲ್‌ನ ತಪ್ಪುಗಳನ್ನು ಪಟಪಟ ಹೇಳುತ್ತಾರೆ. ತಮಗಿಷ್ಟವಾದದ್ದರ ಬಗ್ಗೆ ಕೇಳಿದರೆ ಕಿಟಕಿ ಕಡೆ ನೋಡುತ್ತಾರೆ. ನನ್ನನ್ನು ಕೇಳಿದರೆ ನಾನೂ ಕೆಲಸ ಮಾಡಿದ ಪತ್ರಿಕೆಯ ತಪ್ಪು ಹೇಳುವ ಮೊದಲು ಎರಡು ಸಲ ಕೆಮ್ಮುತ್ತೇನೆ. ಮುಂದಿನ ಸಲ ಊರಿಗೆ ಹೋದಾಗ ನೀವು ನೆಚ್ಚಿಕೊಂಡ ಕಡೆಯ ಒಂದು ತಪ್ಪನ್ನು ನೀವೇ ಮೊದಲು ಅಪ್ಪನಿಗೆ ಹೇಳಿ. "ಇವರೂ ಇದರಲ್ಲಿ ಎಡವಿದ್ರು ಅಪ್ಪಾ" ಅಂತ. ಅವರು ಏನು ಹೇಳುತ್ತಾರೆ ಎಂದು ಕಾಯಿರಿ. ಮೊದಲನೇ ದಿನ "ನಾನು ಹೇಳಿರ್ಲಿಲ್ವಾ" ಅಂತಾರೆ, ಅದನ್ನು ನುಂಗಿಕೊಳ್ಳಿ. ನನ್ನ ಸೋದರಮಾವನ ವಿಷಯದಲ್ಲಿ ಅವರ ಬಾಯಿಂದ ತಮ್ಮ ಚಾನೆಲ್‌ನ ಒಂದು ತಪ್ಪು ಹೊರಬರಲು ಎಂಟು ತಿಂಗಳು ಹಿಡಿಯಿತು. ಅದೂ ಕಾಫಿ ಕುಡಿಯುತ್ತಾ, ಬೇರೇನೋ ಮಾತಿನ ಮಧ್ಯೆ.

ಟಿವಿಯನ್ನು ಊಟದ ಹೊತ್ತಿಗೆ ಆರಿಸಲು ಅಮ್ಮನಿಂದ ಹೇಳಿಸಿ. ಆ ಮನೆಯಲ್ಲಿ ರಿಮೋಟು ಕೊನೆಗೆ ಯಾರ ಮಾತು ಕೇಳುತ್ತದೆ ಎಂದು ನಿಮಗೆ ಗೊತ್ತೇ ಇರುತ್ತದೆ.